ಜುಲೈ ಹತ್ತರ ಕಾಗದ

1824ರ ಸೆಪ್ಟೆಂಬರ್ ತಿಂಗಳು, ಎರಡನೇ ವಾರ. ಧಾರವಾಡದ ಕಲೆಕ್ಟರ್ ಕಚೇರಿಗೆ ಕಿತ್ತೂರಿನಿಂದ ಒಂದು ಕಾಗದ ಬಂತು. ಕಿತ್ತೂರು ದೇಸಾಯಿ ಶಿವಲಿಂಗರುದ್ರಸರ್ಜರ ಹೆಸರಿನಲ್ಲಿದ್ದ ಕಾಗದ. ಮಕ್ಕಳಿಲ್ಲದ ಕಾರಣ ದತ್ತಕ ತೆಗೆದುಕೊಂಡಿದ್ದೇವೆ ಎಂಬುದು ಸಾರಾಂಶ. ಹುಡುಗ ಮಾಸ್ತಮರಡಿ ಗೌಡರ ಮನೆಯವನು, ಹೆಸರು ಶಿವಲಿಂಗಪ್ಪ. ಇಂಥ ಕಾಗದ ಸಂಸ್ಥಾನಗಳಿಂದ ಬರುವುದು ಹೊಸದೇನಲ್ಲ. ಓದಿದವನ ಕಣ್ಣು ನಿಂತದ್ದು ತಾರೀಖಿನ ಮೇಲೆ. ಜುಲೈ 10 ಎಂದಿತ್ತು.

ಕಿತ್ತೂರಿಗೂ ಧಾರವಾಡಕ್ಕೂ ಮೂವತ್ತು ಚಿಲ್ಲರೆ ಕಿಲೋಮೀಟರು. ಈಗ ಬಸ್ಸು ಮುಕ್ಕಾಲು ತಾಸಿನಲ್ಲಿ ಒಯ್ದು ಇಳಿಸುತ್ತದೆ. ಆಗಿನ ಸವಾರ ಬೆಳಿಗ್ಗೆ ರೊಟ್ಟಿ ತಿಂದು ಕುದುರೆ ಏರಿದರೆ ಮಧ್ಯಾಹ್ನದ ಊಟಕ್ಕೆ ಧಾರವಾಡ ಮುಟ್ಟುತ್ತಿದ್ದ. ಮಳೆಗಾಲ, ಎರೆಮಣ್ಣಿನ ದಾರಿ, ಹಳ್ಳ ತುಂಬಿ ಹರಿಯುತ್ತಿದೆ ಅನ್ನಿ, ಎರಡು ದಿನ ಹಿಡಿಯಲಿ, ಮೂರು ದಿನ ಹಿಡಿಯಲಿ. ಎರಡು ತಿಂಗಳು ಹೇಗೆ ಹಿಡಿಯಿತು? ಕಾಗದ ಎಲ್ಲಿ ಕೂತಿತ್ತು? ಅದಕ್ಕಿಂತ ಹೆಚ್ಚಿನ ಮಾತೆಂದರೆ, ಕಾಗದ ಬಂದು ಮುಟ್ಟಿದ ಹೊತ್ತಿಗೇ ದೇಸಾಯಿ ತೀರಿಕೊಂಡ ಸುದ್ದಿಯೂ ಬೆನ್ನಿಗೆ ಬಂದಿತ್ತು. ಕೆಲವು ಪುಸ್ತಕಗಳು ದೇಸಾಯಿ ತೀರಿದ ದಿನ ಸೆಪ್ಟೆಂಬರ್ 11 ಎನ್ನುತ್ತವೆ, ಕೆಲವು 12 ಎನ್ನುತ್ತವೆ. ತಾರೀಖಿನ ಈ ತಕರಾರು ಈ ಕತೆಯನ್ನು ಕೊನೆಯವರೆಗೂ ಬಿಡುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಧಾರವಾಡದಲ್ಲಿ ಕೂತಿದ್ದವನು ಸೇಂಟ್ ಜಾನ್ ಥ್ಯಾಕರೆ. ಪ್ರಿನ್ಸಿಪಲ್ ಕಲೆಕ್ಟರ್, ಮೇಲಾಗಿ ಪೊಲಿಟಿಕಲ್ ಏಜೆಂಟ್. ‘ವ್ಯಾನಿಟಿ ಫೇರ್’ ಬರೆದ ಕಾದಂಬರಿಕಾರ ಥ್ಯಾಕರೆಗೆ ಈತ ಚಿಕ್ಕಪ್ಪನಾಗಬೇಕು. ಅಣ್ಣನ ಮಗ ಮನುಷ್ಯರ ಸೋಗು ಬಯಲು ಮಾಡಿ ಹೆಸರಾದ, ಚಿಕ್ಕಪ್ಪ ಒಂದು ಕಾಗದದ ಸೋಗು ಬಯಲು ಮಾಡಲು ಹೋಗಿ ಜೀವ ಕಳೆದುಕೊಂಡ.

ಕಂಪನಿಯ ಕಡೆಯ ದಾಖಲೆಗಳಲ್ಲಿ ಬರುವ ವಿವರ ಹೀಗೆ. ಮೊದಲ ಅನುಮಾನ ತಾರೀಖಿನದು. ಎರಡನೆಯದು ಸಹಿಯದು. ದೇಸಾಯಿಯ ಹಿಂದಿನ ಕಾಗದಗಳು ಕಚೇರಿಯ ದಫ್ತರದಲ್ಲೇ ಇದ್ದವು. 1818ರಲ್ಲಿ ಪೇಶ್ವೆಯ ರಾಜ್ಯ ಬಿದ್ದಾಗಿನಿಂದ ಕಿತ್ತೂರಿಗೂ ಕಂಪನಿಗೂ ಪತ್ರವ್ಯವಹಾರ ನಡೆದೇ ಇತ್ತು. ಈ ಸಹಿ ಆ ಸಹಿಯಂತಿಲ್ಲ ಎಂದು ಥ್ಯಾಕರೆಗೆ ಅನಿಸಿತು. ಮೂರನೆಯದಕ್ಕೆ ಆತ ಸಿವಿಲ್ ಸರ್ಜನ್ನನನ್ನು ಕಿತ್ತೂರಿಗೆ ಅಟ್ಟಿದ. ರೋಗಿಯನ್ನು ನೋಡಲು ಹೋದ ವೈದ್ಯನಿಗೆ ಅಲ್ಲಿ ಸಿಕ್ಕದ್ದು ಹೆಣ. ವಿಚಾರಣೆ ಮುಗಿಸಿ ಥ್ಯಾಕರೆ ಬಂದ ತೀರ್ಮಾನ: ದತ್ತಕ ನಡೆದದ್ದು ದೇಸಾಯಿ ಸತ್ತ ಮೇಲೆ, ಕಾಗದ ಹುಟ್ಟಿದ್ದೂ ಆಗಲೇ, ಜುಲೈ ಹತ್ತು ಎಂಬುದು ಹಿಂದಕ್ಕೆ ಎಳೆದು ಬರೆದ ತಾರೀಖು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಕಾಗದ ಖೊಟ್ಟಿ.

ಪತ್ತೇದಾರಿ ಕೆಲಸವಾಗಿ ನೋಡಿದರೆ ಇದು ಅಚ್ಚುಕಟ್ಟು. ಕಾಗದದಲ್ಲಿ ಬರೆದ ಸುದ್ದಿ ನಿಜವೋ ಸುಳ್ಳೋ ಎಂದು ಆತ ಜಗ್ಗಾಡಲಿಲ್ಲ. ಸುಳ್ಳು ಹೇಳುವವನು ಸುದ್ದಿಯನ್ನು ಚೆನ್ನಾಗಿ ಕಟ್ಟುತ್ತಾನೆ, ಒಕ್ಕಣೆ ತಪ್ಪುವುದಿಲ್ಲ, ಮೊಹರು ಸರಿಯಾಗಿ ಬೀಳುತ್ತದೆ. ಎಡವುವುದು ಮೂಲೆಯಲ್ಲಿ ಬರೆದ ತಾರೀಖಿನಲ್ಲಿ. ನಾನು ಈ ಬರಹಕ್ಕೆ ಕೂತದ್ದೇ ಆ ಒಂದು ಕಾರಣಕ್ಕೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕಿನ ಮಣ್ಣಿನಲ್ಲಿ ಎರಡು ನೂರು ವರ್ಷ ಹಿಂದೆ ಮುಂದೆ ಓಡಾಡಿದರೆ ಖೊಟ್ಟಿ ಕಾಗದ ಹುಡುಕುವವರೇ ಮತ್ತೆ ಮತ್ತೆ ಎದುರಾಗುತ್ತಾರೆ, ಅವರ ಕೈಯಲ್ಲಿ ಪ್ರತಿ ಸಲವೂ ಇರುವುದು ತಾರೀಖು.

ಆದರೆ ಥ್ಯಾಕರೆ ಕಂಡುಹಿಡಿದದ್ದು ಏನನ್ನು ಎಂದು ಒಂದು ಗಳಿಗೆ ನಿಂತು ಕೇಳಬೇಕು. ದೇಸಾಯಿ ಬಹಳ ದಿನದಿಂದ ಮೈಗೆ ಆರಾಮಿಲ್ಲದೆ ಮಲಗಿದ್ದವರು. ಮಕ್ಕಳಿಲ್ಲ. ಅರಮನೆಯಲ್ಲಿ ತಂದೆ ಮಲ್ಲಸರ್ಜರ ಕಿರಿಯ ರಾಣಿ ಚೆನ್ನಮ್ಮ ಇದ್ದರು, ದೇಸಾಯಿಯ ಎಳೆಯ ಹೆಂಡತಿ ವೀರವ್ವ ಇದ್ದರು. ದತ್ತಕ ತೆಗೆದುಕೊಳ್ಳುವ ಮಾತು ಆ ಮನೆಯಲ್ಲಿ ಹುಟ್ಟದೇ ಇದ್ದರೆ ಅದೇ ಆಶ್ಚರ್ಯ. ಇನ್ನು ಸತ್ತ ಮೇಲೆ ದತ್ತಕ ಆಯಿತು ಎಂಬ ಆರೋಪ. ನಮ್ಮ ಭಾಗದ ಹಿಂದೂ ಸಂಪ್ರದಾಯದಲ್ಲಿ ಗಂಡ ಸತ್ತ ಮೇಲೆ ವಿಧವೆ ಮನೆತನಕ್ಕೆ ಮಗನನ್ನು ತೆಗೆದುಕೊಳ್ಳಬಹುದು. ಗಂಡ ಬಾಯಿಬಿಟ್ಟು ಅನುಮತಿ ಕೊಟ್ಟಿರಬೇಕೆಂದೂ ಇಲ್ಲ. ಬಂಗಾಳದಲ್ಲಿ ಬೇರೆ, ಮದ್ರಾಸಿನಲ್ಲಿ ಬೇರೆ, ಮುಂಬಯಿ ಸೀಮೆಯಲ್ಲಿ ಇದೇ ರೂಢಿ. ಮುಂದೆ ಬ್ರಿಟಿಷರ ಕೋರ್ಟುಗಳೇ ಇದನ್ನು ಒಪ್ಪಿ ತೀರ್ಪು ಕೊಟ್ಟವು. ಅಂದಮೇಲೆ ಸೆಪ್ಟೆಂಬರಿನಲ್ಲಿ ವೀರವ್ವನ ಮಡಿಲಿಗೆ ಹುಡುಗನನ್ನು ಹಾಕಿದ್ದರೂ ಶಾಸ್ತ್ರಕ್ಕೆ ಅಡ್ಡಿ ಇರಲಿಲ್ಲ.

ಹಾಗಿದ್ದರೆ ಜುಲೈ ಹತ್ತು ಎಂದು ಏಕೆ ಬರೆದರು? ಕಂಪನಿಗೆ ಶಾಸ್ತ್ರ ಬೇಕಾಗಿರಲಿಲ್ಲ, ಅದು ಕೇಳುತ್ತಿದ್ದದ್ದು ಕಾಗದ. ದೇಸಾಯಿ ಬದುಕಿದ್ದಾಗಲೇ, ತನ್ನ ಕೈಯಿಂದಲೇ, ಮುಂಚಿತವಾಗಿ ತಿಳಿಸಿ ಮಾಡಿದ ದತ್ತಕವಾದರೆ ಮಾತ್ರ ಅದು ವಿಚಾರ ಮಾಡುತ್ತಿತ್ತು. ಸಂಸ್ಥಾನದ ಕಾರಕೂನರು ಈ ಹೊಸ ದೊರೆಗಳ ಗುಣವನ್ನು ಆರು ವರ್ಷದಲ್ಲಿ ಓದಿಕೊಂಡಿದ್ದರು. ಕಾಗದ ಕೇಳುವ ಧಣಿಗೆ ಕಾಗದವನ್ನೇ ತಯಾರು ಮಾಡಿ ಕೊಟ್ಟರು. ಸುಳ್ಳು ಎಂದರೆ ಸುಳ್ಳೇ, ನಾನು ಅದನ್ನು ಹೂ ಇಟ್ಟು ಮುಚ್ಚುವುದಿಲ್ಲ. ಆದರೆ ಖೊಟ್ಟಿಯಾದದ್ದು ತಾರೀಖು. ದತ್ತಕ ಖೊಟ್ಟಿಯಲ್ಲ. ಥ್ಯಾಕರೆ ಎರಡನ್ನೂ ಒಂದೇ ದಾರದಲ್ಲಿ ಕಟ್ಟಿ ಮೇಲಿನವರಿಗೆ ಕಳಿಸಿದ. ಪುಣೆಯಲ್ಲಿದ್ದ ಕಮಿಷನರ್ ಚಾಪ್ಲಿನ್, ಮುಂಬಯಿಯಲ್ಲಿದ್ದ ಗವರ್ನರ್ ಎಲ್ಫಿನ್‌ಸ್ಟನ್, ಇಬ್ಬರಿಗೂ ಆ ಗಂಟು ಬಿಚ್ಚಿ ನೋಡುವ ಅಗತ್ಯ ಕಾಣಲಿಲ್ಲ. ಡಾಲ್‌ಹೌಸಿ ಬಂದು ದತ್ತಕಕ್ಕೆ ಹಕ್ಕಿಲ್ಲವೆಂದು ಸಾತಾರಾ ನುಂಗಿದ್ದು 1848ರಲ್ಲಿ. ಅದಕ್ಕಿಂತ 24 ವರ್ಷ ಮೊದಲೇ ಕಿತ್ತೂರಿನಲ್ಲಿ ಆ ಪಾಠದ ಮೊದಲ ಓದು ನಡೆದಿತ್ತು.

ಮುಂದಿನದು ನಮ್ಮ ಕಡೆ ಶಾಲೆಯ ಹುಡುಗರಿಗೂ ಬಾಯಿಪಾಠ. ಥ್ಯಾಕರೆ ಕಿತ್ತೂರಿನ ಖಜಾನೆಗೆ ಬೀಗಮುದ್ರೆ ಒತ್ತಿಸಿದ. ಸುಮಾರು 15 ಲಕ್ಷ ರೂಪಾಯಿಯ ನಗನಾಣ್ಯ ಅದರೊಳಗಿತ್ತು. ಆಡಳಿತಕ್ಕೆ ಕೊಣ್ಣೂರ ಮಲ್ಲಪ್ಪಶೆಟ್ಟಿ, ಹಾವೇರಿ ವೆಂಕಟರಾವ್ ಎಂಬ ಇಬ್ಬರನ್ನು ನಿಲ್ಲಿಸಿದ. ಆ ಇಬ್ಬರ ಹೆಸರು ಇಂದಿಗೂ ನಮ್ಮಲ್ಲಿ ಬೈಗುಳ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತು, ಒಡೆಯುತ್ತೇವೆಂದು ಬಂದವರ ಮೇಲೆ ಒಳಗಿನಿಂದ ಸೈನ್ಯ ನುಗ್ಗಿತು, ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಡಿಸೆಂಬರ್ ಮೊದಲ ವಾರ ಕಂಪನಿ ದೊಡ್ಡ ದಂಡು ತಂದು ಕೋಟೆ ಹಿಡಿಯಿತು. ಕೋಟೆಯ ಮದ್ದಿಗೆ ಸಗಣಿ ಬೆರೆಸಿದ್ದರಿಂದ ತೋಪು ಹಾರಲಿಲ್ಲ ಎಂದು ಲಾವಣಿ ಹಾಡುವವರು, ಬಯಲಾಟದವರು ಹೇಳುತ್ತಾರೆ. ಆ ಬೆರಕೆಗೆ ತಾರೀಖಿಲ್ಲ, ಸಹಿ ಇಲ್ಲ, ಅದನ್ನು ಯಾವ ಕಲೆಕ್ಟರನೂ ತನಿಖೆ ಮಾಡಲಿಲ್ಲ. ಜನ ಮಾತ್ರ ಕಣ್ಣಾರೆ ಕಂಡವರಂತೆ ನಂಬಿದ್ದಾರೆ.

ಅಕ್ಟೋಬರ್ 23ರಂದು ಕಿತ್ತೂರಿನವರ ಕೈಗೆ ಇಬ್ಬರು ಆಂಗ್ಲರು ಜೀವಂತ ಸಿಕ್ಕರು. ಒಬ್ಬ ಸ್ಟೀವನ್‌ಸನ್. ಇನ್ನೊಬ್ಬ ವಾಲ್ಟರ್ ಎಲಿಯಟ್, 21 ವರ್ಷದ ಹುಡುಗ. ಸುಮಾರು ಆರು ವಾರ ಕೋಟೆಯಲ್ಲಿ ಸೆರೆ ಇದ್ದರು, ಇಬ್ಬರಿಗೂ ಕೂದಲು ಕೊಂಕಲಿಲ್ಲ. ಡಿಸೆಂಬರ್ ಆರಂಭದಲ್ಲಿ ರಾಜಿಯ ಆಸೆಯಿಂದ ಚೆನ್ನಮ್ಮ ಬಿಟ್ಟು ಕಳಿಸಿದರು. ಈ ಎಲಿಯಟ್ ಮುಂದೆ ಏನು ಮಾಡಿದ ಎಂಬುದು ಬಾಯಿಪಾಠದಲ್ಲಿ ಬರುವುದಿಲ್ಲ. ಧಾರವಾಡ ಸೀಮೆಯಲ್ಲೇ ಕೆಲಸಕ್ಕೆ ಉಳಿದು, ಊರೂರು ತಿರುಗಿ ಗುಡಿಗಳ ಗೋಡೆಯ, ಅಗಸಿಯ ಮುಂದಿನ ಕಲ್ಲುಗಳ ಬರಹವನ್ನು ನಕಲು ಮಾಡಿಸಿದ. 595 ಶಾಸನಗಳ ಸಂಗ್ರಹ ಅದು. ಕರ್ನಾಟಕದ ಶಾಸನ ಓದುವ ಕೆಲಸಕ್ಕೆ ಅಡಿಗಲ್ಲು ಎನ್ನಬೇಕು. ಕಿತ್ತೂರಿನ ಸೆರೆಮನೆಯಿಂದ ಹೊರಬಿದ್ದವನು ಜೀವಮಾನವೆಲ್ಲ ಹಳೆಯ ದಾನಪತ್ರಗಳನ್ನು ಓದಿಸುತ್ತ ಕೂತ.

ಎಲಿಯಟ್ಟನ ಆ ನಕಲುಗಳನ್ನು ಎದುರಿಗೆ ಇಟ್ಟುಕೊಂಡು ಮುಂದಿನ ತಲೆಮಾರಿನಲ್ಲಿ ಕೆಲಸ ಮಾಡಿದವನು ಜಾನ್ ಫೇತ್‌ಫುಲ್ ಫ್ಲೀಟ್. ನಮ್ಮದೇ ಸೀಮೆಯಲ್ಲಿ ಕಂದಾಯದ ಅಧಿಕಾರಿ. ಸವದತ್ತಿ ಅಂದರೆ ಈಗ ಜನರಿಗೆ ಯಲ್ಲಮ್ಮನ ಗುಡ್ಡ, ಹುಣ್ಣಿಮೆಯ ಜಾತ್ರೆ, ಚಕ್ಕಡಿ ಸಾಲು. ಫ್ಲೀಟನಿಗೆ ಅದು ಸುಗಂಧವರ್ತಿ, ರಟ್ಟ ಅರಸರ ಹಳೆಯ ರಾಜಧಾನಿ. ಸವದತ್ತಿ, ಬೆಳಗಾವಿ ರಟ್ಟರ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವನು ಅವನೇ. ಆ ಕಲ್ಲುಗಳು ಖೊಟ್ಟಿಯಲ್ಲ. ಆದರೆ ಕಲ್ಲು, ತಾಮ್ರದ ಪಟ ಓದುತ್ತ ಓದುತ್ತ ಅವನಿಗೆ ಒಂದು ವಾಸನೆ ಹತ್ತಿತು. ಕೆಲವು ತಾಮ್ರಪಟಗಳು ತಾವು ಹೇಳಿಕೊಳ್ಳುವ ಕಾಲದವಲ್ಲ. ಹೊಲ, ಊರು, ಉಂಬಳಿ ತಮ್ಮದೆಂದು ಸಾಧಿಸಲು ಯಾರೋ ಮುಂದಿನ ಶತಮಾನದಲ್ಲಿ ಕೂತು ಹಿಂದಿನ ಅರಸನ ಹೆಸರಿನಲ್ಲಿ ಕೊರೆಸಿದವು.

ಇದಕ್ಕೆ ನಮ್ಮಲ್ಲಿ ಹಳೆಯ ಹೆಸರೇ ಇದೆ: ಕೂಟಶಾಸನ. ಮನುಸ್ಮೃತಿ ಅದನ್ನು ಮಾಡಿದವನಿಗೆ ಮರಣದಂಡನೆ ಹೇಳುತ್ತದೆ, ಅಂದರೆ ಆ ಕಾಲಕ್ಕೇ ಅಷ್ಟು ಜನ ಮಾಡುತ್ತಿದ್ದರೆಂದು ತಿಳಿಯಬೇಕು. ಹರ್ಷವರ್ಧನನ ಮಧುಬನ್ ತಾಮ್ರಪಟದಲ್ಲಿ ಅಂಥ ಒಂದು ಪ್ರಕರಣವೇ ದಾಖಲಾಗಿದೆ. ವಾಮರಥ್ಯನೆಂಬ ಬ್ರಾಹ್ಮಣ ಸೋಮಕುಂಡಕಾ ಎಂಬ ಹಳ್ಳಿಯನ್ನು ಕೂಟಶಾಸನದ ಬಲದಿಂದ ಉಣ್ಣುತ್ತಿದ್ದ. ಅರಸ ಆ ಶಾಸನವನ್ನು ಮುರಿಸಿ, ಹಳ್ಳಿಯನ್ನು ಬೇರೆ ಇಬ್ಬರಿಗೆ ಕೊಟ್ಟ. ಖೊಟ್ಟಿ ಕಾಗದ ಬಯಲಾದರೆ ಏನು ಮಾಡಬೇಕು ಎಂಬುದಕ್ಕೆ ಏಳನೇ ಶತಮಾನದ ಉತ್ತರ ಅದು. ಹಳ್ಳಿ ಮತ್ತೊಬ್ಬರ ಕೈ ಸೇರಿತು, ಅರಸ ತನ್ನ ಕಿಸೆಗೆ ಹಾಕಿಕೊಳ್ಳಲಿಲ್ಲ.

ಫ್ಲೀಟ್ ಹೇಗೆ ಹಿಡಿಯುತ್ತಿದ್ದ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅದರಲ್ಲಿ ಮಜಾ ಇದೆ. ನಮ್ಮ ಶಾಸನ ಬರೆಯುವವರು ತಾರೀಖನ್ನು ಒಂದು ಮಾತಿನಲ್ಲಿ ಮುಗಿಸುತ್ತಿರಲಿಲ್ಲ. ಶಕವರ್ಷ ಇಷ್ಟು, ಸಂವತ್ಸರದ ಹೆಸರು ಇದು, ಮಾಸ, ಪಕ್ಷ, ತಿಥಿ, ವಾರ, ಮೇಲೆ ಸೂರ್ಯಗ್ರಹಣವೋ ಉತ್ತರಾಯಣ ಸಂಕ್ರಮಣವೋ. ಪುಣ್ಯ ಹೆಚ್ಚಲಿ ಎಂದು ಬರೆಸಿದ ಈ ವಿವರಗಳೇ ಸಾವಿರ ವರ್ಷದ ನಂತರ ಸಾಕ್ಷಿ ಕಟ್ಟೆಗೆ ಬಂದು ನಿಲ್ಲುತ್ತವೆ. ಆ ಶಕವರ್ಷದ ಆ ಅಮಾವಾಸ್ಯೆ ಸೋಮವಾರ ಬಿದ್ದಿತ್ತೇ? ಗ್ರಹಣ ಆಗಿತ್ತೇ? ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಪುಣೆ ಕಡೆಯ ಶಂಕರ ಬಾಳಕೃಷ್ಣ ದೀಕ್ಷಿತರಂಥ ಜ್ಯೋತಿಷಗಣಿತದ ಪಂಡಿತರು ಫ್ಲೀಟನಿಗೆ ಆ ಲೆಕ್ಕ ಹಾಕಿಕೊಟ್ಟರು. ನಿಜವಾಗಿ ಆ ದಿನ ಕೂತು ಬರೆದವನಿಗೆ ಅಂದು ಯಾವ ವಾರವೆಂದು ಗೊತ್ತಿರುತ್ತದೆ. ಇನ್ನೂರು ವರ್ಷ ಬಿಟ್ಟು ಬರೆಯುವ ಕಳ್ಳನಿಗೆ ಗೊತ್ತಿರುವುದಿಲ್ಲ, ಏನೋ ಒಂದು ವಾರ ಹಾಕುತ್ತಾನೆ. ಅದರ ಜೊತೆಗೆ ಅಕ್ಷರದ ಆಕಾರ. ಐದನೇ ಶತಮಾನದ ತಾರೀಖು ಹಾಕಿ ಹತ್ತನೇ ಶತಮಾನದ ಬಳುಕಿನಲ್ಲಿ ಕೊರೆದರೆ ಸಿಕ್ಕಿಬಿದ್ದಂತೆ. 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಫ್ಲೀಟ್ ಖೊಟ್ಟಿ ಶಾಸನಗಳ ಪಟ್ಟಿಯನ್ನೇ ಪ್ರಕಟಿಸಿದ.

ಆ ಪಟ್ಟಿಯ ಉರಿ ಮೈಸೂರಿಗೂ ತಾಗಿತು. ಗಂಗ ಅರಸರ ತಾಮ್ರಪಟಗಳಲ್ಲಿ ಹಲವು ಖೊಟ್ಟಿ ಎಂದು ಫ್ಲೀಟ್, ಅಲ್ಲ ಎಂದು ಮೈಸೂರಿನ ಶಾಸನ ವಿದ್ವಾಂಸ ಬಿ.ಎಲ್. ರೈಸ್. ಮಡಿಕೇರಿ ತಾಮ್ರಪಟದ 388 ಎಂಬ ವರ್ಷವನ್ನು ಶಕವರ್ಷವೆಂದು ಹಿಡಿದು ಕ್ರಿ.ಶ. 466 ಎಂದರು ರೈಸ್. ಅಕ್ಷರ ನೋಡಿದರೆ ಇನ್ನೂ ಎಷ್ಟೋ ಶತಮಾನ ಈಚಿನದು ಎಂದ ಫ್ಲೀಟ್. ಇಬ್ಬರೂ ಜಗಳಾಡಿದ ರೀತಿ ನೋಡಿದರೆ ಹೊಲದ ಬದುವಿಗೆ ಕೋರ್ಟು ಹತ್ತಿದ ದಾಯಾದಿಗಳ ನೆನಪಾಗುತ್ತದೆ. ಗಂಗರ ಪಟಗಳ ವಿಷಯದಲ್ಲಿ ಫ್ಲೀಟ್ ಕೈ ಸ್ವಲ್ಪ ಬಿರುಸಾಯಿತು ಎಂದು ಮುಂದಿನ ವಿದ್ವಾಂಸರು ಹೇಳಿದರು. ವಾರ ತಪ್ಪಾದದ್ದೆಲ್ಲ ಮೋಸವಲ್ಲ, ಕೊರೆದವನ ಕೈತಪ್ಪೂ ಇರುತ್ತದೆ, ಪಂಚಾಂಗ ಹೇಳಿದ ಜೋಯಿಸನ ತಪ್ಪೂ ಇರುತ್ತದೆ. ಸವೆದ ಮೂಲವನ್ನು ನೋಡಿ ಮುಂದಿನ ಕಾಲದವರು ಪ್ರಾಮಾಣಿಕವಾಗಿ ನಕಲು ಮಾಡಿಕೊಂಡ ಪಟವೂ ಇರಬಹುದು. ಅಕ್ಷರ ಹೊಸದು, ದಾನ ಹಳೆಯದು. ಜುಲೈ ಹತ್ತರ ಕಾಗದಕ್ಕೆ ಈ ದೃಷ್ಟಿಯ ಲಾಭ ಸಿಕ್ಕಲೇ ಇಲ್ಲ.

ಈಗ ರಾಮದುರ್ಗಕ್ಕೆ ಬರೋಣ. ಅಲ್ಲಿಗೆ ಹೋಗುವ ಮೊದಲು ಇನಾಮ್ ಕಮಿಷನ್ನಿನ ಹೆಸರು ಹೇಳಲೇಬೇಕು. 1843ರಲ್ಲಿ ಧಾರವಾಡ, ಬೆಳಗಾವಿ ಸೀಮೆಯಲ್ಲಿ ಸಣ್ಣ ಸಮಿತಿಯಾಗಿ ಶುರುವಾಗಿ, 1852ರ ಕಾಯ್ದೆಯಿಂದ ಬಲಿತ ಸಂಸ್ಥೆ ಇದು. ಯಾರ್‍ಯಾರು ಇನಾಮು ಭೂಮಿ ಉಣ್ಣುತ್ತಿದ್ದಾರೋ ಅವರೆಲ್ಲ ಸನದು ತಂದು ತೋರಿಸಬೇಕು. ಪುಣೆಯಲ್ಲಿದ್ದ ಪೇಶ್ವೆಯ ದಫ್ತರದ ರುಮಾಲುಗಳನ್ನು ಬಿಚ್ಚಿ, ಅಲ್ಲಿಯ ನಮೂದಿಗೂ ಮನೆಯ ಸನದಿಗೂ ತಾಳೆ ನೋಡುತ್ತಿದ್ದರು. ಖೊಟ್ಟಿ ಸನದುಗಳು ಸಿಕ್ಕವು, ಸಿಕ್ಕದೇ ಇರುತ್ತವೆಯೇ? ಆದರೆ ಇಲಿ ತಿಂದ, ಗೆದ್ದಲು ಹಿಡಿದ, ಮನೆಗೆ ಬೆಂಕಿ ಬಿದ್ದು ಸುಟ್ಟ ಸನದಿಗೂ ಖೊಟ್ಟಿ ಸನದಿಗೂ ಒಂದೇ ಶಿಕ್ಷೆ. ಮುಂಬಯಿ ಇಲಾಖೆಯಲ್ಲಿ 20,000ದಷ್ಟು ಇನಾಮುಗಳು ಸರಕಾರಕ್ಕೆ ಜಮೆಯಾದವು. ಕಿತ್ತೂರಿನಲ್ಲಿ ಒಂದು ಕಾಗದಕ್ಕೆ ಮಾಡಿದ್ದನ್ನು ಇಲ್ಲಿ ಸಾವಿರಗಟ್ಟಲೆ ಕಾಗದಗಳಿಗೆ ಮಾಡಿದರು.

ಆ ಕಮಿಷನ್ನಿನಲ್ಲಿ ಹೆಸರು ಮಾಡಿದ ಚುರುಕಿನ ಅಧಿಕಾರಿ ಚಾರ್ಲ್ಸ್ ಮ್ಯಾನ್ಸನ್. ಕಾಗದದ ಹುಳುಕು ಹುಡುಕುವುದರಲ್ಲಿ ಪಳಗಿದವನು. 1858ರಲ್ಲಿ ಅವನು ದಕ್ಷಿಣ ಮರಾಠಾ ಸಂಸ್ಥಾನಗಳ ಪೊಲಿಟಿಕಲ್ ಏಜೆಂಟನ ಜಾಗದಲ್ಲಿದ್ದ. ನರಗುಂದದ ಅರಸ ಭಾಸ್ಕರರಾವ್ ಬಾಬಾಸಾಹೇಬನಿಗೆ ಮಗನಿಲ್ಲ. ದತ್ತಕಕ್ಕೆ ಅನುಮತಿ ಕೇಳಿದ್ದ, ಸರಕಾರ ಕೊಟ್ಟಿರಲಿಲ್ಲ. ಈ ಸಲ ಕೇಳಿಯೇ ಕೇಳಿದ್ದ ನೋಡಿ, ತಾರೀಖು ಹಿಂದೆ ಹಾಕಿರಲಿಲ್ಲ. ಮೇ ತಿಂಗಳ ಕೊನೆಯಲ್ಲಿ ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ರಾಮದುರ್ಗದ ಅರಸ ನರಗುಂದದವನಿಗೆ ಮಲತಮ್ಮ. ಆತ ಸಾಹೇಬನನ್ನು ಬರಮಾಡಿಕೊಂಡು, ನರಗುಂದದ ಸೀಮೆ ಹಾದು ಹೋಗಬೇಡಿ ಎಂದು ಎಚ್ಚರಿಸಿದ. ನಂಬಿಕೆ ಬರಲಿ ಎಂದು ಅಣ್ಣನಿಂದ ತನಗೆ ಬಂದಿದ್ದ ಕಾಗದವನ್ನೇ ತೋರಿಸಿದ. ದಂಗೆಗೆ ಕರೆದ ಕಾಗದ.

ಜೀವಮಾನ ಪೂರ್ತಿ ಸನದುಗಳನ್ನು ಬೆಳಕಿಗೆ ಹಿಡಿದು ನೋಡಿದವನ ಕೈಗೆ ಕೊನೆಗೆ ಒಂದು ಅಪ್ಪಟ ಕಾಗದ ಬಂತು. ಸಹಿ ನಿಜ, ತಾರೀಖು ನಿಜ, ಒಕ್ಕಣೆಯೂ ನಿಜ. ಅದನ್ನು ಓದಿಯೂ ಆತ ಹೊರಟ. ರಾತ್ರಿ ಸುರೇಬಾನದಲ್ಲಿ ತಂಗಿದ. ಅಲ್ಲಿಯೇ ನರಗುಂದದ ದಂಡು ಬಂದು ಎರಗಿ ಅವನನ್ನು ಕೊಂದಿತು. ತಲೆ ನರಗುಂದದ ಅಗಸಿಗೆ ತೂಗಿತು. ಜೂನ್ ಮೊದಲಲ್ಲಿ ನರಗುಂದ ಬಿತ್ತು, ಬಾಬಾಸಾಹೇಬ ತೊರಗಲ್ಲಿನ ಅಡವಿಯಲ್ಲಿ ಸಿಕ್ಕಿಬಿದ್ದ, ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲು. ಸುರೇಬಾನ ಈಗ ರಾಮದುರ್ಗ ತಾಲೂಕಿನ ನೇಕಾರರ ಊರು. ಶಬರಿಕೊಳ್ಳಕ್ಕೆ ಹೋಗುವವರು ಅದರ ಮೇಲೆಯೇ ಹೋಗುತ್ತಾರೆ.

ಇಷ್ಟು ಹಳೆಯ ಮಾತಾಡುತ್ತ ಕೂತರೆ ಹೊಸದು ಬಿಟ್ಟಂತಾಗುತ್ತದೆ. ಸುಮಾರು ಮೂವತ್ತು ವರ್ಷದ ಹಿಂದೆ, ನಾನಿನ್ನೂ ಕಾಲೇಜು ಕಲಿಯುವಾಗ, ಕಾಕಾನ ಜೊತೆ ನಮ್ಮ ಕಡೆಯ ಒಂದು ತಾಲೂಕು ಊರಿಗೆ ಹೋಗಿದ್ದೆ. ಅಣ್ಣತಮ್ಮಂದಿರ ವಾಟ್ನಿಯ ಕಾಗದ ಮಾಡಿಸುವುದಿತ್ತು. ಕಚೇರಿಯ ಎದುರು ಬೇವಿನ ಮರ, ಮರದ ಕೆಳಗೆ ಮೇಜು, ಮೇಜಿನ ಮೇಲೆ ಹಸಿರು ಮಸಿಯ ಪ್ಯಾಡು, ಎರಡು ಮೂರು ರಬ್ಬರ್ ಶಿಕ್ಕೆ, ಮಾಸಿದ ಒಂದು ದೊಡ್ಡ ವಹಿ. ಛಾಪಾ ಕಾಗದ ಮಾರುವವನು ಬಾಯೊಳಗಿನ ಎಲೆಅಡಿಕೆಯನ್ನು ಒಂದು ಮಗ್ಗುಲಿಗೆ ಸರಿಸಿ ಕೇಳಿದ:

“ಯಾವ ತಾರೀಖಿಂದ ಬೇಕ್ರಿ, ಕಾಕಾರ?”

ಕಾಕಾಗೆ ಅರ್ಥವಾಗಲಿಲ್ಲ. “ಹಂಗಂದ್ರ?”

“ಇವತ್ತಿಂದ ಬೇಕಂದ್ರ ಇವತ್ತಿಂದ ಕೊಡತೇನ್ರಿ. ಹ್ವಾದ ವರ್ಷದ್ದ ಬೇಕಂದ್ರ ಅದೂ ಐತಿ. ಒಂದೀಟ ರೊಕ್ಕ ಹೆಚ್ಚಾಗತೈತ್ರಿ, ಅಷ್ಟ.”

ವಹಿ ತಿರುಗಿಸಿ ತೋರಿಸಿದ. ಪ್ರತಿ ತಿಂಗಳ ಕೊನೆಗೆ ಎರಡು ಮೂರು ಸಾಲು ಖಾಲಿ ಬಿಟ್ಟಿದ್ದ. ಹಿಂದಿನ ತಾರೀಖು ಬೇಕಾದವರ ಹೆಸರು ಅಲ್ಲಿ ಕೂರುತ್ತದೆ. ಕಾಕಾ ಇವತ್ತಿನದನ್ನೇ ಕೊಡು ಎಂದ. ತಪ್ಪು ಮಾಡಿದೆ ಎಂಬ ಭಾವನೆ ಮಾರುವವನ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಹೋಟೆಲಿನವನು ಖಡಕ್ ಚಹಾ ಬೇಕೋ ಸಾದಾ ಬೇಕೋ ಎಂದು ಕೇಳಿದ ಹಾಗೆ ಕೇಳಿದ್ದ. ಆ ಖಾಲಿ ಸಾಲುಗಳನ್ನು ನಾನು ಮರೆತಿಲ್ಲ. ಕಿತ್ತೂರಿನ ಕಾಗದದ ಬಗ್ಗೆ ಓದಿದಾಗೆಲ್ಲ ಆ ವಹಿ ಕಣ್ಣೆದುರು ಬರುತ್ತದೆ.

ಛಾಪಾ ಕಾಗದದ ಮೋಸಕ್ಕೆ ದೇಶದಲ್ಲೇ ಹೆಸರಾದವನು ಕಿತ್ತೂರಿನ ಪಕ್ಕದ ಖಾನಾಪುರದಲ್ಲೇ ಬೆಳೆದ. ಅಬ್ದುಲ್ ಕರೀಂ ತೆಲಗಿ. ಹುಡುಗನಾಗಿದ್ದಾಗ ರೈಲಿನಲ್ಲಿ ಹಣ್ಣು ಮಾರಿ ಓದಿದವನು. ನಾಸಿಕದ ಸರಕಾರಿ ಮುದ್ರಣಾಲಯದ ಹಳೆಯ ಯಂತ್ರಗಳನ್ನು ದಕ್ಕಿಸಿಕೊಂಡು ಅಚ್ಚು ಹಾಕಿದ. ಯಂತ್ರ ಸರಕಾರದ್ದೇ ಆದಮೇಲೆ ಬರಿಗಣ್ಣಿಗೆ ವ್ಯತ್ಯಾಸ ಹೇಗೆ ಕಾಣಬೇಕು? ವಿಮೆ ಕಂಪನಿ, ಬ್ಯಾಂಕುಗಳೇ ಕೊಂಡವು. 2000ದ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಕಾಗದ ಸಾಗಿಸುತ್ತಿದ್ದವರು ಪೊಲೀಸರ ಕೈಗೆ ಸಿಕ್ಕ ಮೇಲೆ ಎಳೆ ಬಿಚ್ಚುತ್ತ ಹೋಯಿತು. 2001ರ ನವೆಂಬರಿನಲ್ಲಿ ತೆಲಗಿ ಅಜ್ಮೇರಿನಲ್ಲಿ ಸಿಕ್ಕ. ಮುಂದೆ 30 ವರ್ಷದ ಸಜೆ, 202 ಕೋಟಿ ರೂಪಾಯಿ ದಂಡ. 2017ರ ಅಕ್ಟೋಬರಿನಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಸತ್ತ. ಮುಂಬಯಿಯ ಪೊಲೀಸ್ ಕಮಿಷನರ್ ಹುದ್ದೆಯಲ್ಲಿ ಕೂತಿದ್ದವರವರೆಗೂ ಆ ಪ್ರಕರಣದ ಮಸಿ ಹಾರಿತು. ಹಿಡಿಯಬೇಕಾದವರ ಕೈಯೂ ಸ್ವಚ್ಛವಾಗಿರಲಿಲ್ಲ ಎಂಬುದು ಕಿತ್ತೂರಿನ ಕತೆ ತಿಳಿದವರಿಗೆ ಹೊಸ ಸುದ್ದಿಯಲ್ಲ.

ನಮ್ಮ ರಾಜ್ಯದಲ್ಲಿ 2008ರಿಂದ ಇ-ಸ್ಟಾಂಪ್ ಬಂತು. ಮೊನ್ನೆ ಬಾಡಿಗೆ ಕರಾರಿಗೆ ಒಂದು ತೆಗೆಸಿದೆ. ಮೇಲುಗಡೆ ಉದ್ದನೆಯ ನಂಬರು, ಅದರ ಕೆಳಗೆ ತಾರೀಖು, ತಾರೀಖಿನ ಪಕ್ಕದಲ್ಲಿ ಗಂಟೆ, ನಿಮಿಷ. ಕಂಪ್ಯೂಟರಿನ ಮುಂದೆ ಕೂತ ಹುಡುಗಿಗೆ ಸುಮ್ಮನೆ ಕೇಳಿದೆ, ಹಿಂದಿನ ತಿಂಗಳ ತಾರೀಖು ಹಾಕಲು ಬರುತ್ತದೆಯೇ ಎಂದು. “ಬರೂದಿಲ್ರೀ ಸರ, ಮಷೀನ್ ತಗೊಳ್ಳೂದಿಲ್ಲ” ಅಂದಳು. ಬೇವಿನ ಮರದ ಕೆಳಗಿನವನು ಈಗ ಏನು ಮಾಡುತ್ತಿದ್ದಾನೋ.

ಬೈಲಹೊಂಗಲಕ್ಕೆ ಬಂದು ಮುಗಿಸಬೇಕು. ಕೋಟೆ ಬಿದ್ದ ಮೇಲೆ ಚೆನ್ನಮ್ಮನನ್ನು ಕಂಪನಿ ಅಲ್ಲಿ ಸೆರೆ ಇಟ್ಟಿತು. ಖೊಟ್ಟಿ ಎಂದು ತಳ್ಳಿಹಾಕಿದ ಆ ದತ್ತಕಪುತ್ರ ಶಿವಲಿಂಗಪ್ಪನನ್ನೇ ಮುಂದಿಟ್ಟುಕೊಂಡು ಸಂಗೊಳ್ಳಿ ರಾಯಣ್ಣ ಮತ್ತೆ ಹೋರಾಟಕ್ಕೆ ಇಳಿದ. ಕಾಗದ ನಂಬದಿದ್ದ ಕಂಪನಿ ಹುಡುಗನನ್ನು ಮಾತ್ರ ಗಂಭೀರವಾಗಿ ನಂಬಿ ಬಂಧನದಲ್ಲಿಟ್ಟಿತು. ಯಾವ ಹಕ್ಕೂ ಇಲ್ಲದ ಹುಡುಗನಾಗಿದ್ದರೆ ಅವನ ಭಯ ಯಾಕೆ? ರಾಯಣ್ಣನನ್ನು ನಮ್ಮವರೇ ಹಿಡಿದುಕೊಟ್ಟರು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲೇ ಇದೆ. ಕಿತ್ತೂರಿನ ಉತ್ಸವಕ್ಕೆ ಅಕ್ಟೋಬರಿನಲ್ಲಿ ಹೋಗುವವರು ಇಲ್ಲಿಗೂ ಬಂದು ಹೋಗಬೇಕು, ದೂರವೇನಿಲ್ಲ. ಆಕೆ ಸೆರೆಯಲ್ಲಿ ತೀರಿಕೊಂಡದ್ದು 1829ರ ಫೆಬ್ರುವರಿ 2 ಎಂದು ಕೆಲವು ಪುಸ್ತಕಗಳು ಬರೆಯುತ್ತವೆ, ಫೆಬ್ರುವರಿ 21 ಎಂದು ಕೆಲವು. ಕಾವಲಿಗಿದ್ದದ್ದು ಕಂಪನಿಯ ಪಹರೆ, ದಫ್ತರವೂ ಅವರದೇ.